ಅಕ್ಕನ ಹತ್ತು ಅಂಕಿ

ಶಾಲೆಯ ವಸತಿಗೃಹ,
ಮಾರ್ಚ್ ೧, ಭಾನುವಾರ

ಪ್ರೀತಿಯ ಅಕ್ಕಾ,

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಹೇಗಿದ್ದೀಯ? ಇನ್ನೊಂದು ತಿಂಗಳು ಸೂಜಿ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದಾರಂತೆ. ನೀನು ಕೇಳುವವಳಲ್ಲ, ಭಾವನಿಗೆ ಹೇಳಿ ಹೊಲಿಗೆ ಮಿಷನ್ನಿಗೆ ಬೀಗ ಹಾಕಿಸಬೇಕು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ತಿಂಗಳ ಕೊನೆಗೆ ನನ್ನ ನಿವೃತ್ತಿ. ಅದರ ನೆನಪಿಗೆಂದು ಜೊತೆಯ ಮೇಷ್ಟ್ರುಗಳು ಗಣಿತದ ಕೋಣೆಯ ಗೋಡೆಯ ಮೇಲೆ ೭೩೦೨೫೫೨೦೩೭ ಎಂದು ದೊಡ್ಡದಾಗಿ ಬರೆಸಿದ್ದಾರೆ. ನೆನಪಿದೆಯಾ? ಹಿಂದಿನಿಂದ ಓದಿದರೂ ಅದೇ ಸಂಖ್ಯೆ. ಅಪ್ಪನ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತ ಕೂತಿದ್ದವಳು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಅದನ್ನು ಗೀಚಿ, "ಹನ್ನೊಂದರಿಂದ ಭಾಗಿಸಿ ನೋಡೋ, ಏನೂ ಉಳಿಯಲ್ಲ" ಅಂದಿದ್ದೆ. ಉಳಿಯಲಿಲ್ಲ. ನಿನ್ನನ್ನು ಸೋಲಿಸಬೇಕೆಂದು ನಾನು ಅಂಥದೇ ಇಪ್ಪತ್ತು ಅಂಕಿಯದೊಂದನ್ನು ಮಾಡಿಕೊಟ್ಟೆ. ಅದೂ ಸಲೀಸಾಗಿ ಭಾಗವಾಯಿತು. "ಅಂಕಿಗಳು ಜೋಡಿಜೋಡಿಯಾಗಿದ್ರೆ ಸಾಕು, ಎಷ್ಟುದ್ದ ಇದ್ರೂ ಆಗುತ್ತೆ" ಎಂದು ನೀನು, ಹೊಲಿಗೆ ಬಿಚ್ಚುವ ಹಾಗೆ ಸಂಖ್ಯೆಯನ್ನು ಬಿಚ್ಚಿಟ್ಟೆ: ತುದಿಯ ಏಳುಗಳು ಒಂದು ಜೋಡಿ, ಅದರೊಳಗಿನ ಮೂರುಗಳು ಇನ್ನೊಂದು. ೧೧, ೧೦೦೧, ೧೦೦೦೦೧ ಎಲ್ಲವೂ ಹನ್ನೊಂದರಿಂದ ಭಾಗವಾಗುತ್ತವೆ. ಪ್ರತಿ ಜೋಡಿಯೂ ಅಂಥದೇ ಒಂದರ ಅಪವರ್ತ್ಯ. ಎಲ್ಲ ಕೂಡಿಸಿದರೂ ಭಾಗವಾಗಲೇಬೇಕು. ಲೋಕಕ್ಕೆ ಇದು ಹಳೆಯ ವಿಷಯವೆಂದು ಆಮೇಲೆ ತಿಳಿಯಿತು. ಆದರೆ ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತನೆಯದು ಮುಗಿಸಿ ನೀನು ಶಾಲೆ ಬಿಟ್ಟು ಆಗಲೇ ಒಂದು ವರ್ಷವಾಗಿತ್ತು.

ಆ ಬೇಸಿಗೆಯಲ್ಲೇ ವಸತಿ ಕಾಲೇಜಿನವರು, ಸೀಟು ಬೇಕೆನ್ನುವವರು ತಾವೇ ಕಂಡುಕೊಂಡ ಒಂದು ಗಣಿತದ ಸಂಗತಿಯನ್ನು ಬರೆದು ಕಳಿಸಬೇಕು ಎಂದು ಹೇಳಿದ್ದು. ನಾನು ನಿನ್ನದನ್ನು ಬರೆದೆ. "ಬರ್ಕೊಳ್ಳೋ, ನಂಗೇನು ಕಮ್ಮಿಯಾಗುತ್ತೆ" ಎಂದು ನೀನು ನಕ್ಕುಬಿಟ್ಟೆ. ಸಂದರ್ಶನದಲ್ಲಿ "ಇದು ನಿನಗೇ ಹೊಳೆದದ್ದಾ?" ಎಂದು ಕೇಳಿದರು. "ಹೌದು ಸಾರ್" ಎಂದೆ. ಸೀಟು ಸಿಕ್ಕಿತು. ಮೇಷ್ಟ್ರಾದ ಮೇಲೂ ವರ್ಷವರ್ಷವೂ ಮಕ್ಕಳಿಗೆ ಅದೇ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ನಿನ್ನೆ ಪೇಂಟರ್ ಏಣಿಯ ಮೇಲಿಂದ, "ಸಾರ್, ಕೆಳಗೆ ನಿಮ್ಮ ಹೆಸರು ಹಾಕಕ್ಕೆ ಹೇಳಿದ್ದಾರೆ, ಅಕ್ಷರ ಎಷ್ಟು ದಪ್ಪ ಇರ್ಲಿ?" ಎಂದ. "ಅದು ನಂದಲ್ಲಪ್ಪ, ನಮ್ಮಕ್ಕಂದು" ಎಂದೆ. ಹೆಡ್‌ಮೇಡಂ ಕೋಣೆಗೆ ಹೋಗಿ ಅಲ್ಲೂ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ನಿನ್ನ ಹೆಸರು ಬರೆದುಕೊಂಡರು. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ನಿನ್ನ ಹೆಸರಿತ್ತು. ನೀನು ಬಂದು ನೋಡಬೇಕೆಂದು ಆಸೆ.

ಭಾವನಿಗೆ ನನ್ನ ನೆನಪು ಹೇಳು. ಕಣ್ಣು ಜೋಪಾನ.

ನಿನ್ನ ತಮ್ಮ,
ಮೊಂಡ

ಮರೆತಿದ್ದೆ... ಇಲ್ಲ ಅಕ್ಕಾ, ಮರೆತಿರಲಿಲ್ಲ. ಆ ವರ್ಷ ನಮ್ಮ ಗಣಿತದ ಮೇಷ್ಟ್ರು ನನ್ನ ಕೈಗೆ ಎರಡು ಅರ್ಜಿ ಕೊಟ್ಟಿದ್ದರು. ಶಾಲೆ ಬಿಟ್ಟವರೂ ಹಾಕಬಹುದಿತ್ತು. "ಒಂದು ನಿಮ್ಮಕ್ಕನಿಗೆ, ಅವಳು ಹೋಗ್ಲೇಬೇಕು ಕಣೋ" ಅಂದಿದ್ದರು. ನಮ್ಮೂರಿಗೆ ಇದ್ದದ್ದು ಒಂದೇ ಸೀಟು. ದಾರಿಯಲ್ಲೇ ನಿನ್ನದನ್ನು ಹರಿದು ಚರಂಡಿಗೆ ಹಾಕಿದೆ. ನಿನ್ನ ಹೆಸರನ್ನು ಅದರ ಮೇಲೆ ಮೇಷ್ಟ್ರೇ ಬರೆದಿದ್ದರು. ನೀನು ಬಾರದಿದ್ದರೆ, ಯಾಕೆಂದು ಕೇಳುವ ಬಾಯಿ ನನಗಿಲ್ಲ.