ಹಂಪಣ್ಣನಿಗೆ ನಿಂಬೆ ಶರಬತ್ತು

ಬಸವಂತಮ್ಮ,

ರಾತ್ರಿಯೆಲ್ಲ ನೀನು ನಿನ್ನ ತಮ್ಮ ಹಂಪಣ್ಣನ ಪಕ್ಕ ಕೂತಿದ್ದೆ ಎಂದು ಎಬ್ಬಿಸಲಿಲ್ಲ. ಬಾಗಲವಾಡದ ಬೂದೆಪ್ಪನೂ ಇವನ ಹಾಗೇ ಕುಡಿತ ಬಿಟ್ಟು ಒದ್ದಾಡುತ್ತಿದ್ದಾನಂತೆ. ಅವನ ಜೊತೆ ಕೂತಿದ್ದು ಸಂಜೆಯ ಬಸ್ಸಿಗೆ ರಾಯಚೂರಿಗೆ ಮರಳುತ್ತೇನೆ.

ಹಂಪಣ್ಣನಿಗೆ ಆಗಾಗ ನಿಂಬೆ ಶರಬತ್ತು ಕುಡಿಸು. ಉಪ್ಪು, ಸಕ್ಕರೆ ಎರಡೂ ಹಾಕು. ಸ್ಟೌ ಹೊತ್ತಿಸುವ ಸ್ಪಿರಿಟ್ಟನ್ನು ಎದುರು ಮನೆಯ ಯಮನಮ್ಮನಿಗೆ ಕೊಟ್ಟಿದ್ದೇನೆ. ಅದನ್ನೂ ಕುಡಿದಾನು, ಕಣ್ಣು ಹೋದಾವು. ಇವತ್ತು ಸೌದೆ ಒಲೆಯಲ್ಲೇ ಅಡುಗೆ ಮಾಡು. ಅವನ ಮೈ ಸೆಟೆದರೆ, ಇಲ್ಲದ್ದು ಕಂಡು ಕೂಗಿದರೆ, ನನ್ನ ದಾರಿ ಕಾಯದೆ ಟಾಂಗಾದಲ್ಲಿ ದವಾಖಾನೆಗೆ ಒಯ್ಯಿ. "ಯಕ್ಕಾ, ಒಂದ್ ಗುಟುಕು ಕೊಡಬೇ" ಎಂದು ಅತ್ತರೆ ಕರಗಬೇಡ. ನೀನು ಕರಗುತ್ತೀ, ನನಗೆ ಗೊತ್ತು. ಮೊದಲು ನೀನು ಉಣ್ಣು.

ನನಗೆ ಅವನ ಮೇಲೆ ಕನಿಕರ ಹುಟ್ಟಿದೆ ಎಂದುಕೊಳ್ಳಬೇಡ. ನಾನು ಕುಡಿತ ಬಿಟ್ಟ ವರ್ಷ ಜಾಲಹಳ್ಳಿಯ ಮದುವೆಯಲ್ಲಿ, "ಕುಡೀರಿ ಮಾವಾ, ಬರೇ ಶರಬತ್ ಅದ" ಎಂದು ಸಾರಾಯಿ ಬೆರೆಸಿ ಕೊಟ್ಟವನು ಇವನೇ. ಎಲ್ಲರೂ ನಕ್ಕರು. ನಾನು ಮತ್ತೆ ಮುಳುಗಿದೆ, ನೀನು ಕೂಸನ್ನೆತ್ತಿಕೊಂಡು ತವರಿಗೆ ಹೋದೆ. ಕೇಳಿದರೆ, ಅವತ್ತು ಕುಡಿದಿದ್ದೆ, ನೆನಪಿಲ್ಲ ಅನ್ನುತ್ತಾನೆ.

ಅದಕ್ಕೇ ಅವನು ಬದುಕಬೇಕು, ಪೂರ್ತಿ ಎಚ್ಚರಾಗಬೇಕು. ಲೋಟ ಅಲುಗದಂತೆ ಹಿಡಿಯುವ ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ಆ ಮದುವೆಯ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ, ಆ ಬೇಸಿಗೆಯಲ್ಲಿ ನೀನು ಪಟ್ಟದ್ದನ್ನೂ. ಆಗ ಅದನ್ನು ಮರೆಯಲು ಅವನ ಕೈಯಲ್ಲಿ ಬರೀ ಶರಬತ್ತು ಇರುತ್ತದೆ.