ಹೌದು ಎನಿಸುವ ವಿದ್ಯೆ

ಐನಾಪುರ,
೧೪ ನವೆಂಬರ್ ೨೦೨೫

ಅತ್ತೆಯವರಿಗೆ ಸೊಸೆ ಬ್ರಾಹ್ಮಿಯ ಜೈ ಜಿನೇಂದ್ರ.

ಮೊಣಕಾಲು ನೋವು ಹೇಗಿದೆ? ನಾದಿನಿ ಕಾಜಲಳ ಪುಣೆಯ ಮನೆ ಮೂರನೇ ಮಹಡಿ, ಲಿಫ್ಟ್ ಬೇರೆ ಕೆಟ್ಟಿದೆಯಂತೆ. ದಿನಾ ಬಸ್ತಿಗೆ ದರ್ಶನಕ್ಕೆ ಹೇಗೆ ಹೋಗುತ್ತೀರಿ? ಫೋನ್ ಮಾಡಿದರೆ ಇವರು ಪಕ್ಕದಲ್ಲೇ ನಿಲ್ಲುತ್ತಾರೆ, ಅದಕ್ಕೇ ಈ ಕಾಗದ.

ನಿಮ್ಮ ಮಗ ನಿಪ್ಪಾಣಿಯ ಮಾತಿನ ಕ್ಲಾಸಿಗೆ ಹೋಗಿ ಬಂದ ಮೇಲೆ ಈಗೀಗ ನನಗೆ ಅವರ ಬಾಯಿ ಕಂಡರೆ ಹೇಸಿಗೆ. ಎದುರಿನವರನ್ನು ಒಪ್ಪಿಸುವುದು ಹೇಗೆಂದು ಅಲ್ಲಿ ಕಲಿಸುತ್ತಾರಂತೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಎನ್ನುವ ಮೊದಲು ಎರಡು ಸಲ ನನ್ನ ಹೆಸರು ಹಿಡಿದು ಹೊಗಳುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೆ. ಆಮೇಲೆ ಅದೇ ವಿದ್ಯೆಯನ್ನು ನಿಮ್ಮ ಮೇಲೆ ಹೂಡಿದರು. ನಿಮ್ಮ ಕಾಲು ಒತ್ತುತ್ತ, "ಅವ್ವಾ, ಥಂಡಿ ಬಂತಂದ್ರ ಮೊಣಕಾಲ ನೋಯ್ತಾವ, ಹೌದಿಲ್ಲ? ಮೊಮ್ಮಕ್ಕಳ ನೆನಪಾಗತೈತಿ, ಹೌದಿಲ್ಲ? ಹಂಗಾರ ಕಾಜಲನ ಕಡೆ ನಾಲ್ಕ ತಿಂಗಳ ಇದ್ದ ಬಾ" ಎಂದರಲ್ಲ, ನೀವು ಹೌದು ಹೌದು ಎನ್ನುತ್ತಲೇ ಹೊರಟುಬಿಟ್ಟಿರಿ. ಮಗನಿಗೆ ಎಷ್ಟು ಕಾಳಜಿ ಎಂದು ನಿಮ್ಮ ಕಣ್ಣು ತುಂಬಿತ್ತು. ಮರುದಿನ ಅವರು ಗೆಳೆಯ ಸಂಗ್ರಾಮನಿಗೆ ಫೋನಿನಲ್ಲಿ, "ಎರಡ ಸಲ ಹೌದ ಅನಿಸಿದ್ರ ಮೂರನೇದಕ್ಕ ಯಾರೂ ಒಲ್ಲೆ ಅನ್ನಂಗಿಲ್ಲಲೇ. ನಮ್ಮವ್ವನ ಮ್ಯಾಲೇ ಮಾಡಿ ನೋಡೇನಿ" ಎಂದು ನಕ್ಕರು. ತವೆಯ ಮೇಲಿನ ರೊಟ್ಟಿ ಕರಕಲಾದದ್ದೂ ನನಗೆ ತಿಳಿಯಲಿಲ್ಲ.

ಬಸ್ತಿಯ ಗಂಟೆ ಕೇಳಿಸುವ ನಿಮ್ಮ ಕೋಣೆಯಲ್ಲಿ ಈಗ ಇವರದೇ ಕ್ಲಾಸು. ನಿಮ್ಮ ಮಂಚ ದನದ ಕೊಟ್ಟಿಗೆಯಲ್ಲಿದೆ. ನಿನ್ನೆ ಜನ ಕುಳಿತಿರುವಾಗಲೇ ಒಳಗೆ ಹೋಗಿ, "ಇದು ನಮ್ಮ ಅತ್ತಿಯವರ ಖೋಲಿ. ಖಾಲಿ ಮಾಡ್ರಿ" ಎಂದೆ. ಇವರು ಮುಗುಳ್ನಗುತ್ತ, "ಬ್ರಾಹ್ಮಿ, ನಿನ್ನ ಸಿಟ್ಟು ನನಗ ತಿಳೀತೈತಿ, ಬ್ರಾಹ್ಮಿ" ಎಂದು ಶುರುಮಾಡಿದರು. ನಾನು ಖಾಲಿಯಿದ್ದ ಕುರ್ಚಿಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದಿಟ್ಟೆ. ಕಲಿಯಲು ಬಂದಿದ್ದ ಕಿರಾಣಿ ಅಂಗಡಿಯ ಬಾಪುಸಾಹೇಬರು ಎದ್ದು, "ತಾಯಿಯವರ ಖೋಲಿ ಅಂತ ನಮಗ ಗೊತ್ತಿದ್ದಿಲ್ಲರಿ" ಎಂದು ತಮ್ಮ ಕುರ್ಚಿಯನ್ನು ತಾವೇ ಹೊತ್ತರು. ಉಳಿದವರೂ ಎದ್ದರು. ಇವರು ಬರಿದಾದ ಕೋಣೆಯಲ್ಲಿ ನಿಂತು ಇನ್ನೂ ಮಾತಾಡುತ್ತಲೇ ಇದ್ದರು.

ಕಾಜಲಳಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ನಿಮ್ಮ ಪಾದಕ್ಕೆ ನಮಸ್ಕಾರ.

ನಿಮ್ಮ ಸೊಸೆ,
ಬ್ರಾಹ್ಮಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಮುಂದಿನ ಭಾನುವಾರ ಮಿರಜದಿಂದ ರೈಲು ಹತ್ತಿ ನಾನೇ ಬರುತ್ತೇನೆ. ನನ್ನ ಜೊತೆ ಊರಿಗೆ ಬರುವುದು ಬಿಡುವುದು ನಿಮ್ಮ ಇಷ್ಟ. ಅಲ್ಲೇ ಇರುತ್ತೀರಾದರೆ ನನಗೂ ಒಂದು ಹಾಸಿಗೆ ಹಾಸಿಡಿ. ನನ್ನ ಬಟ್ಟೆಗಳನ್ನೆಲ್ಲ ತುಂಬಿಕೊಂಡೇ ಬರುತ್ತಿದ್ದೇನೆ.