ಹುಡುಗಿಯರ ಪಾಲಿನ ಐಸ್

ಫೆಬ್ರವರಿ ೧೧, ಮಂಗಳವಾರ

ಊಟ ಸೇರಲಿಲ್ಲ. ಸಿಟ್ಟಿಗೆ ಮೈಯೆಲ್ಲಾ ಉರಿಯುತ್ತಿದೆ. ಇವತ್ತು ನಮ್ಮ ರಿಂಕಿನಲ್ಲಿ ಐಸ್ ಹಾಕಿ ಪ್ರಾಕ್ಟೀಸಿನ ವೇಳೆ ಅಕ್ಕನ ಮಗಳ ಸ್ಕೇಟ್ ಐಸಿನ ಗೀರಿನಲ್ಲಿ ಸಿಕ್ಕಿಕೊಂಡು, ಬಿದ್ದ ರಭಸಕ್ಕೆ ಮಣಿಕಟ್ಟು ಮುರಿಯಿತು. ಬರುವ ಭಾನುವಾರ ಅವಳ ಮೊದಲ ಲೀಗ್ ಪಂದ್ಯವಿತ್ತು.

ಆ ಗೀರು ಅವಳಿಗಿಂತ ಮೊದಲು ಆಡಿದ ಹುಡುಗರದ್ದು. ಅವರು ಆಡಿ ಹೊರಗೆ ಹೋದ ಮೇಲೆ, ಐಸ್ ಹೆರೆದು ನೀರು ಹರಡುವ ಗಾಡಿ ಓಡಿಸಿ ನುಣುಪು ಮಾಡಬೇಕು. ಆ ಗಾಡಿಯ ಡ್ರೈವರ್ ನಾನೇ. ಎರಡು ವರ್ಷದ ಹಿಂದೆ ರಿಂಕಿನ ಮ್ಯಾನೇಜರ್ ಹೇಳಿದ್ದ: "ಹುಡುಗೀರು ಹಗುರ ಕಣ್ರೀ, ಅವರಿಗ್ಯಾಕೆ ಇನ್ನೊಂದು ರೌಂಡು? ಸುಮ್ನೆ ನೀರು ದಂಡ."

ಆಗ ಎಂಟು ಹುಡುಗಿಯರಿದ್ದರು. ಈಗ ಮೂರು ತಂಡಗಳಾಗಿವೆ. 'ನಮ್ಮ ಹೆಮ್ಮೆಯ ಹುಡುಗಿಯರು' ಎಂದು ಬಾಗಿಲಲ್ಲಿ ಆಳೆತ್ತರದ ಬ್ಯಾನರ್ ಬೇರೆ! ಆ ಬ್ಯಾನರಿನ ಫೋಟೋ ತೆಗೆಯುವ ದಿನ ಮಾತ್ರ ನನ್ನಿಂದ ಎರಡು ರೌಂಡು ಓಡಿಸಿ ಐಸನ್ನು ಕನ್ನಡಿ ಮಾಡಿಸಿದ, ಮಹಾರಾಯ.

ಆಸ್ಪತ್ರೆಯಿಂದಲೇ ಫೋನಿನಲ್ಲಿ ಅವನ ಗ್ರಹಚಾರ ಬಿಡಿಸಿದೆ. "ಆಟ ಅಂದ್ಮೇಲೆ ಬೀಳೋದು ಇದ್ದಿದ್ದೇ" ಎಂದು ಇಟ್ಟುಬಿಟ್ಟ. ನಾನಿನ್ನೂ ಕೂಗಾಡುತ್ತಲೇ ಇದ್ದೆ.

ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದವಳು ತಣ್ಣಗೆ ಕೇಳಿದಳು: "ಗಾಡಿ ಕೀ ಇರೋದು ನಿನ್ ಹತ್ರ ತಾನೆ, ಮಾಮ?"

ಎರಡು ವರ್ಷ ಪ್ರತಿ ಸಂಜೆ ಗಾಡಿಯನ್ನು ಮೂಲೆಗೆ ನಿಲ್ಲಿಸಿ, ಆ ಗೀರುಗಳ ಮೇಲೆ ಹುಡುಗಿಯರು ಇಳಿಯುವುದನ್ನು ಚಹಾ ಕುಡಿಯುತ್ತಾ ನೋಡಿದವನು ನಾನು. ಕೀ ಈಗಲೂ ಪ್ಯಾಂಟಿನ ಜೇಬಿನಲ್ಲೇ ಇದೆ, ತೊಡೆಗೆ ಒತ್ತುತ್ತಿದೆ. ನಾಳೆ ಹುಡುಗರು ಆಡಿ ಹೊರಗೆ ಹೋಗಲಿ, ಮ್ಯಾನೇಜರ್ ಅಡ್ಡ ಬಂದು ನಿಂತರೂ ಸರಿ, ನಾನು ಗಾಡಿ ಓಡಿಸಿದ ಮೇಲೆಯೇ ಹುಡುಗಿಯರು ಐಸಿಗೆ ಇಳಿಯುವುದು.